ನರುಕ್ಕು ಬಿದ್ದ ದಿನ



ಮೇ ತಿಂಗಳ ಕೊನೆ ನಮ್ಮ ಕಾಸರಗೋಡಿನ ಮನೆಗಳಿಗೆ ಖರ್ಚಿನ ಕಾಲ. ಮಳೆ ಹಿಡಿಯುವ ಮುನ್ನ ಮಾಡಿನ ಹಂಚು ಸರಿಪಡಿಸಬೇಕು. ಶಾಲೆ ತೆರೆಯುವಾಗ ಮಕ್ಕಳಿಗೆ ಪುಸ್ತಕ, ಕೊಡೆ ಆಗಬೇಕು. ಯಾರಲ್ಲಿ ಕೇಳುವುದೆಂದು ಯೋಚಿಸುತ್ತಿರುವಾಗಲೇ ನೆರೆಮನೆಯ ಚೇಚಿ ಬಂದು, "ಈ ಸಲ ನರುಕ್ಕು ನಿಮಗೇ ಬಿತ್ತು" ಎನ್ನುತ್ತಾರೆ. ದೇವರೇ ಕಳಿಸಿದ ಹಾಗಾಯಿತು ಎಂದು ಮನೆಯವರಿಗೆ ನೆಮ್ಮದಿ.

ಕನ್ನಡದಲ್ಲಿ ಕುರಿ ಎಂದರೆ ಮೇಯುವ ಪ್ರಾಣಿ. ಮಲಯಾಳದಲ್ಲಿ ಅದೇ ಮಾತಿಗೆ ಚಿಟ್ಟಿ ಎಂಬ ಅರ್ಥವೂ ಉಂಟು. ಗಡಿನಾಡಿನ ನಮಗೆ ಎರಡೂ ಗೊತ್ತು. 20 ಮಂದಿ ಸೇರಿ ತಿಂಗಳಿಗೆ 2,000 ರೂಪಾಯಿಯಂತೆ ಹಾಕಿದರೆ 40,000 ಆಗುತ್ತದೆ. ಹೆಸರು ಬರೆದ ಚೀಟಿಗಳಲ್ಲಿ ಒಂದನ್ನು ಎತ್ತುತ್ತಾರೆ, ಅದೇ ನರುಕ್ಕು. ಹೆಸರು ಬಂದವರಿಗೆ ಆ ತಿಂಗಳ ಹಣ. 20 ತಿಂಗಳಲ್ಲಿ ಎಲ್ಲರಿಗೂ ಒಂದೊಂದು ಸರದಿ.

ಇಲ್ಲಿ ಅದೃಷ್ಟದ ಪಾಲು ಎಷ್ಟು? 20 ಮನೆಗಳಿಗೂ ಮೇ, ಜೂನ್ ತಿಂಗಳಲ್ಲೇ ಅಡಚಣೆ ಎನ್ನೋಣ. ಆ ಎರಡು ತಿಂಗಳಲ್ಲಿ ಇಬ್ಬರಿಗೆ ಹಣ ಸಿಕ್ಕೇ ಸಿಗುತ್ತದೆ. ಆ ಇಬ್ಬರು ಅದನ್ನು ವರ್ಷಗಟ್ಟಲೆ ನೆನೆಯುತ್ತಾರೆ. ಉಳಿದ 18 ಮಂದಿಯ ಕಥೆಯನ್ನು ಯಾರೂ ಹೇಳುವುದಿಲ್ಲ. ಆಕಸ್ಮಿಕವಾದದ್ದು ತಿಂಗಳು ಮಾತ್ರ, ಹಣ ನಮ್ಮದೇ. ಮೊದಲು ಪಡೆದವರಿಗೆ ಅದು ಸಾಲ, ಕೊನೆಗೆ ಪಡೆದವರಿಗೆ ಉಳಿತಾಯ. ನರುಕ್ಕು ಬಿದ್ದ ಮೇಲೂ ಕಂತು ಕಟ್ಟಲೇಬೇಕು ಎಂಬುದನ್ನು ಮರೆತವರೇ ಮತ್ತೆ ಕಷ್ಟಕ್ಕೆ ಬೀಳುತ್ತಾರೆ.

ಇನ್ನೊಂದು ಚೀಟಿ ಲಾಟರಿಯದು. ಕೇರಳ ಸರಕಾರ 1967ರಲ್ಲಿ ಲಾಟರಿ ಇಲಾಖೆಯನ್ನು ತೆರೆಯಿತು. 1968ರ ಜನವರಿ 26ರಂದು ಮೊದಲ ಡ್ರಾ ನಡೆಯಿತು. ಟಿಕೆಟಿಗೆ 1 ರೂಪಾಯಿ, ಪ್ರಥಮ ಬಹುಮಾನ 50,000 ರೂಪಾಯಿ. ಕರ್ನಾಟಕ 2007ರಲ್ಲಿ ಲಾಟರಿಯನ್ನು ನಿಷೇಧಿಸಿತು. ಹಾಗಾಗಿ ತಲಪಾಡಿಯ ಈಚೆ ಮಾರುವ ಟಿಕೆಟನ್ನು ಆಚೆ ಮಾರುವಂತಿಲ್ಲ. ಲಾಟರಿಗೆ ಹಾಕಿದ ಹಣ ಎಲ್ಲರಿಗೂ ಹಿಂದೆ ಬರುವುದಿಲ್ಲ. ಏಜೆಂಟರ ಕಮಿಷನ್, ಸರಕಾರದ ಪಾಲು ಕಳೆದು ಉಳಿದದ್ದಷ್ಟೇ ಬಹುಮಾನ. ದೊಡ್ಡ ಬಹುಮಾನ ಬಂದರೆ ಅದರಲ್ಲೂ ಶೇಕಡಾ 30 ಆದಾಯ ತೆರಿಗೆ ಹೋಗುತ್ತದೆ. ಒಬ್ಬರಿಗೆ ಬಂದ ಭಾಗ್ಯ ಸಾವಿರಾರು ಜನರ ಕಿಸೆಯಿಂದ ಹೊರಟದ್ದು.

ಲಾಟರಿ ಬಂದ ಎರಡು ವರ್ಷಗಳ ಬಳಿಕ, 1969ರಲ್ಲಿ, ಇದೇ ಸರಕಾರ ಚಿಟ್ಟಿ ನಡೆಸಲು ತೃಶ್ಶೂರಿನಲ್ಲಿ ಕೇರಳ ಸ್ಟೇಟ್ ಫೈನಾನ್ಶಿಯಲ್ ಎಂಟರ್‌ಪ್ರೈಸಸ್ ಎಂಬ ಸಂಸ್ಥೆಯನ್ನು ಸ್ಥಾಪಿಸಿತು. ಅಲ್ಲಿ ತುರ್ತಿದ್ದವರು ಹರಾಜಿನಲ್ಲಿ ಸ್ವಲ್ಪ ಹಣ ಬಿಟ್ಟುಕೊಟ್ಟು ಬೇಗ ಪಡೆಯಬಹುದು. ಬಿಟ್ಟುಕೊಟ್ಟದ್ದರಲ್ಲಿ ಸಂಸ್ಥೆಯ ಕಮಿಷನ್ ಕಳೆದು ಉಳಿದದ್ದು ಸದಸ್ಯರಿಗೆ ಹಂಚಿಹೋಗುತ್ತದೆ. ಗರಿಷ್ಠ ಮಿತಿಯಷ್ಟು ಬಿಡಲು ಹಲವರು ಸಿದ್ಧರಿದ್ದರೆ ಆಗ ನರುಕ್ಕು ಎತ್ತುತ್ತಾರೆ.

ಊರಿನ ಚಿಟ್ಟಿಯಲ್ಲಿ ನಂಬಿಕೆಯೇ ಬಂಡವಾಳ. ನಡೆಸುವವರು ಕೈಕೊಟ್ಟರೆ 20 ಮನೆಗಳ ಹಣವೂ ಮುಳುಗುತ್ತದೆ. ಆದ್ದರಿಂದ ಸೇರುವ ಮೊದಲು 1982ರ ಚಿಟ್ ಫಂಡ್ ಕಾಯಿದೆಯ ಪ್ರಕಾರ ನೋಂದಣಿ ಆಗಿದೆಯೇ ಎಂದು ಕೇಳಿ. ಕಟ್ಟಿದ ಪ್ರತಿ ಕಂತಿಗೂ ರಶೀದಿ ಪಡೆಯಿರಿ. ಹಾಗೆ ಕೇಳಲು ನಾಚಿಕೆ ಬೇಡ.

ಮುಂದಿನ ಮಳೆಗಾಲಕ್ಕೆ ಮುಂಚೆ ನಿಮ್ಮ ನರುಕ್ಕು ಬಿದ್ದರೆ ಸಂತೋಷಪಡಿ. ಬೀಳದಿದ್ದರೂ ಬೇಸರ ಬೇಡ, ಪುಸ್ತಕ ಸರಿಯಿದ್ದರೆ ನಿಮ್ಮ ಸರದಿ ಬಂದೇ ಬರುತ್ತದೆ.