ಯಂತ್ರ ತರುವ ಮೊದಲು ಗಿರಾಕಿಯನ್ನು ನೋಡಿ

ಸಂಘಕ್ಕೆ ಹಾಲು ಹಾಕಿ ಉಳಿದದ್ದರಲ್ಲಿ ಖವಾ, ಪೇಡೆ ಮಾಡಿ ಮಾರಿದರೆ ಹೇಗೆ? ನೇಸರಗಿ ಸುತ್ತಿನ ಅಕ್ಕತಂಗಿಯರಿಗೆ ಇಂಥ ವಿಚಾರ ಬರುವುದು ಸಹಜ, ವಿಚಾರ ಒಳ್ಳೆಯದೇ. ಆದರೆ ಮರುದಿನವೇ ಗುಂಪಿನಲ್ಲಿ ಸಾಲ ಎತ್ತಿ ಖವಾ ಯಂತ್ರ ತರಬೇಡಿ. ಪೇಡೆ ಹೋಗದಿದ್ದರೂ ಸಾಲದ ಕಂತು ನಿಲ್ಲುವುದಿಲ್ಲ.

ಹೊಸದಾಗಿ ಉದ್ಯೋಗಕ್ಕೆ ಇಳಿಯುವವರಿಗೆ ‘ಡಿಸೈನ್ ಥಿಂಕಿಂಗ್’ ಎಂಬ ಪಾಠ ಹೇಳುತ್ತಾರೆ. ಹೆಸರು ದೊಡ್ಡದು, ಮಾತು ಸರಳ. ವಸ್ತು ಮಾಡುವ ಮೊದಲು ಅದನ್ನು ಬಳಸುವವರ ಹತ್ತಿರ ಹೋಗಿ ಕುಳಿತು ನೋಡಬೇಕು. ಆಮೇಲೆ ಕಡಿಮೆ ಖರ್ಚಿನಲ್ಲಿ ಒಂದು ಮಾದರಿ ಮಾಡಿ, ಅವರ ಕೈಗೇ ಕೊಟ್ಟು, ತಿದ್ದುತ್ತ ಹೋಗಬೇಕು.

2007ರಲ್ಲಿ ಅಮೆರಿಕದ ಸ್ಟ್ಯಾನ್‌ಫೋರ್ಡ್ ವಿಶ್ವವಿದ್ಯಾಲಯದ ಕೆಲವು ವಿದ್ಯಾರ್ಥಿಗಳಿಗೆ ಒಂದು ಕೆಲಸ ಕೊಟ್ಟರು: ದಿನ ತುಂಬದೆ ಹುಟ್ಟಿದ ಕೂಸುಗಳನ್ನು ಬೆಚ್ಚಗಿಡುವ ಅಗ್ಗದ ಪೆಟ್ಟಿಗೆ ಮಾಡುವುದು. ಆಸ್ಪತ್ರೆಯ ಪೆಟ್ಟಿಗೆಗೆ ಆಗ ಸುಮಾರು 20,000 ಡಾಲರ್ ಬೆಲೆ. ನೇಪಾಳಕ್ಕೆ ಹೋಗಿ ನೋಡಿದರೆ, ಆಸ್ಪತ್ರೆಯಲ್ಲಿ ಪೆಟ್ಟಿಗೆಗಳು ಖಾಲಿ ಇದ್ದವು. ಕೂಸುಗಳು ಸಾಯುತ್ತಿದ್ದದ್ದು ಕರೆಂಟಿಲ್ಲದ ಹಳ್ಳಿಗಳಲ್ಲಿ, ಆಸ್ಪತ್ರೆ ಮುಟ್ಟುವ ಮೊದಲೇ. ಬೇಕಾದದ್ದು ಅಗ್ಗದ ಪೆಟ್ಟಿಗೆಯಲ್ಲ, ಮನೆಯಲ್ಲೇ ತಾಯಿ ಬಳಸುವಂಥದ್ದು ಎಂದು ಆಗ ಗೊತ್ತಾಯಿತು. ಅವರು ಮಾಡಿದ್ದು ಕೂಸನ್ನು ಮಲಗಿಸುವ ಪುಟ್ಟ ಚೀಲ. ಒಳಗೆ ಮೇಣದಂಥ ಪದಾರ್ಥದ ಪೊಟ್ಟಣ, ಒಮ್ಮೆ ಕಾಯಿಸಿದರೆ ನಾಲ್ಕಾರು ತಾಸು 37 ಡಿಗ್ರಿ ಹಿಡಿದಿಡುತ್ತದೆ. ‘ಎಂಬ್ರೇಸ್’ ಎಂದು ಅದಕ್ಕೆ ಹೆಸರಿಟ್ಟರು. ಜೇನ್ ಚೆನ್, ರಾಹುಲ್ ಪಣಿಕ್ಕರ್ ಮೊದಲಾದವರು ಈ ಕೆಲಸಕ್ಕಾಗಿ ಬೆಂಗಳೂರಿಗೇ ಬಂದು ನೆಲೆಸಿದರು.

ಇಲ್ಲಿ ಇನ್ನೊಂದು ಸಂಗತಿ ತಿಳಿಯಿತು. ಡಾಕ್ಟರು ಒಂದು ಚಮಚ ಔಷಧಿ ಹೇಳಿದರೆ, ಅದು ಭಾರೀ ಆದೀತೆಂದು ಹಳ್ಳಿಯ ತಾಯಿ ಅರ್ಧವೇ ಕುಡಿಸುತ್ತಾಳೆ. 37ಕ್ಕೆ ಕಾಯಿಸು ಎಂದರೆ 30ಕ್ಕೇ ನಿಲ್ಲಿಸುತ್ತಾಳೆ. (ನಮ್ಮಲ್ಲಿ ಹಾಗೆ ಮಾಡದವರು ಯಾರಿದ್ದಾರೆ?) ಅಂಕಿ ತೆಗೆದು, ಕಾವು ಸರಿ ಇದೆಯೋ ಇಲ್ಲವೋ ಎಂದಷ್ಟೇ ತೋರಿಸುವ ಗುರುತು ಇಟ್ಟರು.

ಇನ್ನು ನಮ್ಮ ಪೇಡೆಗೆ ಬರೋಣ. ಬೆಳಗಾವಿ–ಯರಗಟ್ಟಿ ರಸ್ತೆಯ ಚಹಾದಂಗಡಿಯಲ್ಲಿ ಒಂದು ತಾಸು ಕುಳಿತು, ಮಂದಿ ಏನು ಕೊಳ್ಳುತ್ತಾರೆ ನೋಡಿ. ಎಲ್ಲಮ್ಮನ ಗುಡ್ಡಕ್ಕೆ ಹೋಗುವವರಿಗೆ ಎರಡು ದಿನ ಕೆಡದ ಸಿಹಿ ಬೇಕೋ, ಬಿಸಿಲಿಗೆ ತಣ್ಣನೆಯ ಮಜ್ಜಿಗೆ ಬೇಕೋ? “ಮಾಡಿದರೆ ತಗೋತೀರಾ?” ಎಂದು ಮಾತ್ರ ಕೇಳಬೇಡಿ. ಪರಿಚಯದವರು ಮುಖ ನೋಡಿ ಹೂಂ ಅನ್ನುತ್ತಾರೆ. ಹೋದ ವಾರ ಏನು ಕೊಂಡಿರಿ, ಎಷ್ಟು ಕೊಟ್ಟಿರಿ, ಯಾವುದು ಕೆಟ್ಟು ಚೆಲ್ಲಿದಿರಿ ಎಂದು ಕೇಳಿ.

ಖವಾ ಎಂದೇ ತೀರ್ಮಾನವಾದರೆ, ಐದು ಲೀಟರ್ ಎಮ್ಮೆ ಹಾಲಿಗೆ ಸುಮಾರು ಒಂದು ಕಿಲೋ ಬರುತ್ತದೆ. ಮನೆಯ ಬಾಣಲೆಯಲ್ಲೇ ಸಾಕು. ಎಫ್‌ಎಸ್‌ಎಸ್‌ಎಐ ನೋಂದಣಿ ಮಾಡಿಸಿಕೊಂಡು, ದುಡ್ಡಿಗೇ ಮಾರಿ, ಪುಕ್ಕಟೆ ಹಂಚಬೇಡಿ. ಎರಡನೆಯ ಸಲ ಯಾರು ಬಂದು ಕೇಳುತ್ತಾರೆ ಎಂಬುದನ್ನು ಬರೆದಿಡಿ. ಗ್ಯಾಸು, ಸಕ್ಕರೆ, ಬಾಣಲೆ ಮುಂದೆ ನಿಂತ ನಿಮ್ಮ ತಾಸುಗಳ ಕೂಲಿ, ಅಷ್ಟೇ ಹಾಲಿಗೆ ಸಂಘದಲ್ಲಿ ಸಿಗುತ್ತಿದ್ದ ಬಟವಡೆ, ನಾಲ್ಕನ್ನೂ ಲೆಕ್ಕಕ್ಕೆ ಹಿಡಿಯಿರಿ. ಬಟವಡೆಯೇ ಹೆಚ್ಚೆಂದು ಕಂಡರೆ ಹಾಲು ಡೇರಿಗೇ ಹೋಗಲಿ. ಪರೀಕ್ಷೆಗೆ ಹೋದದ್ದು ಐದು ಲೀಟರ್ ಹಾಲಷ್ಟೇ.