ಅಂಗಾತ ಈಜುವ ವಿದ್ಯೆ

ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿಗಳ ತೆಂಗಿನ ಸೀಮೆಯಲ್ಲಿ ಬೆಳೆದವರಿಗೆ ಒಂದು ದೃಶ್ಯವು ಚಿರಪರಿಚಿತವಾದುದು. ಮರದಿಂದ ಕಳಚಿದ ಒಣಗಾಯಿಯು ತೋಟದ ಬಾವಿಗೆ ಬಿದ್ದರೆ, ಒಮ್ಮೆ ಮುಳುಗಿದಂತೆ ಮಾಡಿ, ಮರುಕ್ಷಣವೇ ಮೇಲೆದ್ದು ನಿಶ್ಚಿಂತೆಯಿಂದ ತೇಲತೊಡಗುವುದು. ಅದರ ನಾರಿನ ಎಡೆಯಲ್ಲಿ ಗಾಳಿಯಿರುವುದೇ ಇದಕ್ಕೆ ಕಾರಣ. ನಮ್ಮ ಎದೆಗೂಡಿನಲ್ಲಿಯೂ ಗಾಳಿಯುಂಟಷ್ಟೆ? ಆದರೂ ಕಾಯಿ ತೇಲುತ್ತದೆ, ಮನುಷ್ಯನು ಮುಳುಗುತ್ತಾನೆ. ಕಾಯಿಗೆ ಭಯವಿಲ್ಲ, ಅದು ಕೈಕಾಲು ಬಡಿಯುವುದಿಲ್ಲ.

ತುರುವೇಕೆರೆ ತಾಲೂಕಿನ ದಬ್ಬೇಘಟ್ಟದ ಕಡೆಯ ತೋಟದ ಬಾವಿಯೊಂದರಲ್ಲಿ, ಬೇಸಗೆಯ ರಜೆಯ ದಿನಗಳಲ್ಲಿ, ನನ್ನ ಸೋದರಮಾವನವರು ನನಗೆ ಈಜು ಕಲಿಸಿದರು. ಸಿಪ್ಪೆ ಸುಲಿಯದ ಎರಡು ಒಣಗಾಯಿಗಳನ್ನು ಹಗ್ಗದಿಂದ ಜೋಡಿಸಿ, ನನ್ನ ಬೆನ್ನಿಗೆ ಕಟ್ಟಿ, ನೀರಿಗಿಳಿಸಿದರು. ವಾರದೊಳಗೆ ಮುಂದಕ್ಕೆ ಈಜಲು ಬಂದಿತು. ಅದರೊಡನೆ ಗರ್ವವೂ ಬಂದಿತು. ಒಂದು ದಿನ ಕಾಯಿಗಳನ್ನು ಬಿಚ್ಚಿಟ್ಟು ನಡುಬಾವಿಗೆ ಹೋದವನು ದಮ್ಮು ಕಟ್ಟಿ ಒದ್ದಾಡತೊಡಗಿದೆನು. ಮೆಟ್ಟಿಲ ಮೇಲಿದ್ದ ಮಾವನವರು, "ಅಂಗಾತ ತಿರುಗೋ! ಆಕಾಶ ನೋಡೋ!" ಎಂದು ಕೂಗಿದರು. ಹೇಗೋ ತಿರುಗಿದೆನು. ಮೂಗಿಗೆ ಗಾಳಿ ದೊರೆಯಿತು. ಅವರು ಬಂದು ತೋಳು ಹಿಡಿಯುವವರೆಗೆ ಆ ಗಾಳಿಯೇ ನನ್ನನ್ನು ಉಳಿಸಿತು. ಮುಂದಕ್ಕೆ ಈಜಬಲ್ಲವನಾದರೂ ನೀರಿನ ಮೇಲೆ ವಿಶ್ರಮಿಸಲು ಅರಿಯದಿದ್ದರೆ ಅವನ ವಿದ್ಯೆ ಅರ್ಧವಿದ್ಯೆಯೆಂಬುದು ಅಂದು ನನಗೆ ಮನದಟ್ಟಾಯಿತು.

ಈ ವಿದ್ಯೆಯಲ್ಲಿ ಮೊದಲು ಕಲಿಯತಕ್ಕದ್ದು ಈಜುವುದನ್ನಲ್ಲ, ಮಲಗುವುದನ್ನು. ಎದೆಮಟ್ಟದ ನೀರಿನಲ್ಲಿ, ಬಲ್ಲವರೊಬ್ಬರು ಬೆನ್ನಿನ ಕೆಳಗೆ ಅಂಗೈಯಿಟ್ಟಿರಲು, ಹಾಸಿಗೆಯ ಮೇಲೆ ಒರಗಿದಂತೆ ಹಿಂದಕ್ಕೆ ಒರಗಬೇಕು. ಕಿವಿಗಳು ನೀರಿನಲ್ಲಿರಲಿ, ದೃಷ್ಟಿ ನೇರವಾಗಿ ಆಕಾಶದ ಕಡೆಗಿರಲಿ. ಕಾಲನ್ನು ನೋಡಿಕೊಳ್ಳುವ ಆಸೆಯಿಂದ ತಲೆಯೆತ್ತಿದರೆ ಕೆಲಸ ಕೆಟ್ಟಿತು. ಮನುಷ್ಯದೇಹವು ನೀರಿನಲ್ಲಿ ಏತದ ಮರವಿದ್ದಂತೆ. ಒಂದು ತುದಿ ಮೇಲೆದ್ದರೆ ಇನ್ನೊಂದು ತುದಿ ಕೆಳಗಿಳಿಯುವುದು. ಎದೆ ಹಗುರ, ಕಾಲು ಭಾರ. ಆದಕಾರಣ ಕಾಲು ಮುಳುಗತೊಡಗಿದಾಗ ಉಸಿರು ತುಂಬಿಕೊಂಡು, ಹೊಟ್ಟೆಯನ್ನು ಮೇಲಕ್ಕೆ ತಂದು, ಕೈಗಳನ್ನು ನೀರಿನಲ್ಲಿಯೇ ತಲೆಯ ಆಚೆಗೆ ಚಾಚಿದರೆ ತೂಕ ಸರಿಹೋಗುವುದು.

ಎರಡನೆಯದು ಕಾಲಿನ ಕೆಲಸ. ಸೈಕಲ್ ತುಳಿದಂತೆ ಮಂಡಿಯನ್ನು ಮಡಿಸುವುದು ಕಲಿಯುವವರೆಲ್ಲರ ದೋಷ. ಒದೆತವು ಸೊಂಟದ ಕೀಲಿನಿಂದ ಹೊರಡಬೇಕು. ಮಂಡಿಯು ನೀರಿನಿಂದ ಹೊರಗೆ ಕಾಣಬಾರದು. ಪಾದ ಸಡಿಲವಾಗಿ ಚಾಚಿರಬೇಕು. ನೀರು ಚಿಮ್ಮುವುದಕ್ಕಿಂತ ಕುದಿಯುವ ಎಸರಿನಂತೆ ಕಾಲ್ಬೆರಳ ಬಳಿ ಉಕ್ಕುತ್ತಿದ್ದರೆ ಸಾಕು.

ಮೂರನೆಯದು ಕೈಯ ಕೆಲಸ. ತೊಡೆಯ ಪಕ್ಕದಿಂದ ಕೈ ಮೇಲೇಳುವಾಗ ಹೆಬ್ಬೆರಳು ಮುಂದಾಗಲಿ. ತೋಳು ನೆಟ್ಟಗೆ ಆಕಾಶಕ್ಕೆ ಏರಿ ಹಿಂದಕ್ಕೆ ಇಳಿಯುವಾಗ ಕಿರುಬೆರಳು ಮೊದಲು ನೀರನ್ನು ಮುಟ್ಟಲಿ. ಅದು ಹೆಗಲಿನ ನೇರಕ್ಕೆ ಬೀಳಬೇಕು. ತಲೆಯ ಹಿಂದೆ ಅಡ್ಡ ಬಂದರೆ ದೇಹ ಹಾವಿನಂತೆ ಹೊರಳುವುದು. ನೀರೊಳಗೆ ಮೊಣಕೈ ಬಾಗಿಸಿ, ಅಂಗೈಯಿಂದ ನೀರನ್ನು ಪಾದಗಳ ಕಡೆಗೆ ನೂಕಬೇಕು. ಒಂದು ಕೈ ಏರುವಾಗ ಮತ್ತೊಂದು ನೂಕುತ್ತಿರಬೇಕು. ಹೆಗಲು ಹೊರಳಲಿ, ತಲೆ ಮಾತ್ರ ಅಲುಗದಿರಲಿ. ನುರಿತವರು ಹಣೆಯ ಮೇಲೆ ನೀರಿನ ಲೋಟವನ್ನಿಟ್ಟುಕೊಂಡು ಅದು ಉರುಳದಂತೆ ಈಜಿ ಅಭ್ಯಾಸ ಮಾಡುವುದುಂಟು. ಉಸಿರಿನ ಕ್ರಮವೂ ಸುಲಭವೇ: ಒಂದು ಕೈ ಏರುವಾಗ ಬಾಯಿಂದ ಒಳಕ್ಕೆ, ಇನ್ನೊಂದು ಏರುವಾಗ ಮೂಗಿನಿಂದ ಹೊರಕ್ಕೆ.

ಈ ಬಗೆಯ ಈಜು 1900ರ ಪ್ಯಾರಿಸ್ ಒಲಿಂಪಿಕ್ ಪಂದ್ಯಗಳಲ್ಲಿ ಮೊದಲು ಸೇರಿತು. ಸ್ತ್ರೀಯರಿಗೆ 1924ರಲ್ಲಿ ಅವಕಾಶವಾಯಿತು. 1912ರಲ್ಲಿ ಸ್ಟಾಕ್‌ಹೋಮಿನಲ್ಲಿ ಅಮೆರಿಕದ ಹ್ಯಾರಿ ಹೆಬ್ನರನು ಕೈಗಳನ್ನು ಒಂದಾದಮೇಲೊಂದರಂತೆ ಬೀಸಿ ಗೆದ್ದನು. ನಮ್ಮ ಬೆಂಗಳೂರಿನ ಶ್ರೀಹರಿ ನಟರಾಜರು 2021ರ ಜೂನಿನಲ್ಲಿ ರೋಮ್ ನಗರದಲ್ಲಿ 100 ಮೀಟರನ್ನು 53.77 ಸೆಕೆಂಡುಗಳಲ್ಲಿ ಅಂಗಾತ ಈಜಿ ಟೋಕಿಯೋ ಒಲಿಂಪಿಕ್ಸಿಗೆ ಅರ್ಹರಾದರು. ಹಿಂದೆ ಗೋಡೆಯೆಲ್ಲಿದೆಯೆಂದು ಕಾಣದ ಈಜಿದು. ಆದ್ದರಿಂದಲೇ ಪಂದ್ಯದ ಕೊಳಗಳಲ್ಲಿ ಗೋಡೆಗೆ 5 ಮೀಟರ್ ಮುಂಚೆ ಪತಾಕೆಗಳ ತೋರಣ ಕಟ್ಟಿರುವರು. ಬಾವಿಗೆ ಇಂತಹ ತೋರಣವಿಲ್ಲ. ಕಲ್ಲುಕಟ್ಟಡಕ್ಕೆ ತಲೆ ತಾಗೀತು. ಬಾವಿಯಲ್ಲಿ ತೇಲಬೇಕೇ ಹೊರತು ವೇಗವಾಗಿ ಹಿಂದಕ್ಕೆ ಈಜಬಾರದು.

ಪದಕದ ಮಾತು ಹಾಗಿರಲಿ, ಗೃಹಸ್ಥರಿಗೆ ಮುಖ್ಯವಾದುದು ಮಕ್ಕಳ ಪ್ರಾಣ. 2021ರಲ್ಲಿ ಜಗತ್ತಿನಲ್ಲಿ ಸುಮಾರು 3 ಲಕ್ಷ ಜನ ನೀರಿನಲ್ಲಿ ಮುಳುಗಿ ತೀರಿಕೊಂಡರೆಂದು ವಿಶ್ವ ಆರೋಗ್ಯ ಸಂಸ್ಥೆಯು ಅಂದಾಜು ಮಾಡಿದೆ. ನಮ್ಮ ಸೀಮೆಯಲ್ಲಿ ಮೆಟ್ಟಿಲಿನ ಬಾವಿಗಳು ಅನೇಕವು ಬತ್ತಿ, ಕೊಳವೆಬಾವಿಗಳು ಬಂದಿವೆ. ಅವುಗಳೊಡನೆ ಈಜು ಕಲಿಸುವ ಪಾಠಶಾಲೆಯೂ ಹೋಯಿತು. ನೀರಿನ ಅಪಾಯ ಮಾತ್ರ ಹೋಗಲಿಲ್ಲ. ಪ್ಲಾಸ್ಟಿಕ್ ಹಾಳೆ ಹೊದಿಸಿದ ಕೃಷಿಹೊಂಡಗಳಲ್ಲಿ ಇಳಿಜಾರು ಜಾರುತ್ತದೆ. ಬಿದ್ದವನಿಗೆ ಹಿಡಿಯಲು ಏನೂ ಇರುವುದಿಲ್ಲ. ಹೂಳೆತ್ತಿದ ಕೆರೆಗಳಲ್ಲಿ ಹಠಾತ್ತಾಗಿ ಆಳದ ಗುಂಡಿ ಸಿಕ್ಕುವುದು. ಹೊಂಡದ ಸುತ್ತ ಬೇಲಿ ಹಾಕಿರಿ; ಗಂಟು ಹಾಕಿದ ಹಗ್ಗವೊಂದನ್ನು ಗೂಟಕ್ಕೆ ಕಟ್ಟಿ ನೀರಿಗೆ ಇಳಿಬಿಡಿರಿ. ಮುಳುಗುವವರನ್ನು ಕಂಡು ಈಜು ಬಾರದವರು ಹಾರಬೇಡಿರಿ. ಹಗ್ಗವನ್ನೋ, ಬಾಯಿ ಮುಚ್ಚಿದ ಖಾಲಿ ಕ್ಯಾನನ್ನೋ ಎಸೆಯಿರಿ.

ಅಂಗಾತ ಮಲಗಬಲ್ಲ ಮಗುವಿಗೆ ಹಗ್ಗ ಬರುವವರೆಗಿನ ಕಾಲ ದೊರೆಯುವುದು. ಹಿಂದೆ ಬಾವಿಯು ಗಂಡುಹುಡುಗರ ಸ್ವತ್ತಾಗಿತ್ತು. ಕೆರೆಯ ದಡದಲ್ಲಿ ಬಟ್ಟೆ ಒಗೆಯುವ ಹೆಂಗಸರಿಗೂ ಹೆಣ್ಣುಮಕ್ಕಳಿಗೂ ಈ ವಿದ್ಯೆ ದೊರೆಯಲಿಲ್ಲ. ನೀರು ಗಂಡು ಹೆಣ್ಣೆಂಬ ಭೇದವನ್ನು ನೋಡುವುದಿಲ್ಲ. ಬರುವ ಬೇಸಗೆಯ ರಜೆಯಲ್ಲಿ, ಬಲ್ಲವರೊಬ್ಬರನ್ನು ಜೊತೆಯಲ್ಲಿಟ್ಟುಕೊಂಡು, ಮಗನೊಡನೆ ಮಗಳನ್ನೂ ಎದೆಮಟ್ಟದ ನೀರಿಗಿಳಿಸಿ, ಬೆನ್ನಿಗೆ ಅಂಗೈ ಕೊಟ್ಟು, "ಆಕಾಶ ನೋಡು" ಎಂದು ಹೇಳಿಕೊಡುವುದು ತಂದೆತಾಯಿಗಳ ಕರ್ತವ್ಯವಲ್ಲವೆ?