ಶೀಲ್ಡ್ ಒಬ್ಬರಿಗೆ, ಕಪ್ ಇನ್ನೊಬ್ಬರಿಗೆ

ಫುಟ್‌ಬಾಲ್‌ನಲ್ಲಿ ವರ್ಷದ ಅತ್ಯುತ್ತಮ ತಂಡವನ್ನು ಆರಿಸಲು ಮುಖ್ಯವಾಗಿ ಎರಡು ಪದ್ಧತಿಗಳಿವೆ. ಮೊದಲನೆಯದು ಲೀಗ್. ಇಲ್ಲಿ ಪ್ರತಿ ತಂಡವೂ ಉಳಿದೆಲ್ಲ ತಂಡಗಳ ಎದುರು ಒಮ್ಮೆ ತವರಿನಲ್ಲಿ, ಒಮ್ಮೆ ಎದುರಾಳಿಯ ಅಂಗಳದಲ್ಲಿ ಆಡುತ್ತದೆ. ಗೆದ್ದರೆ 3 ಅಂಕ, ಡ್ರಾ ಆದರೆ 1 ಅಂಕ. ಕೊನೆಗೆ ಅಂಕಪಟ್ಟಿಯ ತುದಿಯಲ್ಲಿರುವ ತಂಡವೇ ಚಾಂಪಿಯನ್. ಎರಡನೆಯದು ಪ್ಲೇಆಫ್. ಲೀಗ್ ಹಂತ ಮುಗಿದ ಮೇಲೆ ಮೊದಲ ನಾಲ್ಕು, ಆರು ಅಥವಾ ಎಂಟು ತಂಡಗಳು ನಾಕೌಟ್ ಪಂದ್ಯಗಳನ್ನಾಡುತ್ತವೆ. ಫೈನಲ್ ಗೆದ್ದವರಿಗೆ ಕಪ್. ಇಂಗ್ಲೆಂಡ್, ಸ್ಪೇನ್, ಜರ್ಮನಿಗಳು ಮೊದಲ ದಾರಿ ಹಿಡಿದಿವೆ. ಅಮೆರಿಕ, ಮೆಕ್ಸಿಕೊ, ಆಸ್ಟ್ರೇಲಿಯಾಗಳು ಎರಡನೆಯದನ್ನು ಆರಿಸಿಕೊಂಡಿವೆ. ಭಾರತದ ಇಂಡಿಯನ್ ಸೂಪರ್ ಲೀಗ್ (ಐಎಸ್‌ಎಲ್) ಕೂಡ 2014ರಲ್ಲಿ ಪ್ಲೇಆಫ್ ಪದ್ಧತಿಯೊಂದಿಗೇ ಆರಂಭವಾಯಿತು.

ಎರಡೂ ಪದ್ಧತಿಗಳು ಒಂದೇ ತಂಡದತ್ತ ಬೆರಳು ತೋರಿಸಿದರೆ ಚರ್ಚೆಗೆ ಎಡೆಯೇ ಇಲ್ಲ. ಆದರೆ ಬಹಳಷ್ಟು ಸಲ ಹಾಗಾಗುವುದಿಲ್ಲ.

ಕಂಠೀರವದ ಒಂದು ಸಂಜೆ

2017–18ರ ಐಎಸ್‌ಎಲ್ ಇದಕ್ಕೆ ಒಳ್ಳೆಯ ನಿದರ್ಶನ. ಆ ಋತುವಿನಲ್ಲಿ ಹತ್ತು ತಂಡಗಳಿದ್ದವು, ಪ್ರತಿ ತಂಡಕ್ಕೆ 18 ಲೀಗ್ ಪಂದ್ಯಗಳಿದ್ದವು. ಮೊದಲ ಬಾರಿಗೆ ಈ ಟೂರ್ನಿಗೆ ಬಂದಿದ್ದ ಬೆಂಗಳೂರು ಎಫ್‌ಸಿ 13 ಪಂದ್ಯ ಗೆದ್ದು, 40 ಅಂಕಗಳೊಂದಿಗೆ ಅಗ್ರಸ್ಥಾನ ಪಡೆಯಿತು. ಎರಡನೇ ಸ್ಥಾನದ ಚೆನ್ನೈಯಿನ್ ಎಫ್‌ಸಿ ಗಳಿಸಿದ್ದು 32 ಅಂಕ. ಹದಿನೆಂಟೇ ಪಂದ್ಯಗಳ ಲೀಗ್‌ನಲ್ಲಿ ಎಂಟು ಅಂಕಗಳ ಅಂತರ ದೊಡ್ಡದು.

2018ರ ಮಾರ್ಚ್ 17ರಂದು ಇವೇ ಎರಡು ತಂಡಗಳು ಬೆಂಗಳೂರಿನ ಕಂಠೀರವ ಕ್ರೀಡಾಂಗಣದಲ್ಲಿ ಫೈನಲ್ ಆಡಿದವು. ಒಂಬತ್ತನೇ ನಿಮಿಷದಲ್ಲಿ ಉದಾಂತ ಸಿಂಗ್ ಬಲಗಡೆಯಿಂದ ಕಳಿಸಿದ ಕ್ರಾಸ್‌ಗೆ ಸುನಿಲ್ ಚೆಟ್ರಿ ಮುಂದಕ್ಕೆ ಹಾರಿ ತಲೆಕೊಟ್ಟರು. ಬೆಂಗಳೂರು ಮುನ್ನಡೆ ಪಡೆಯಿತು. ಮುಂದಿನ ಕಥೆ ಕಾರ್ನರ್ ಕಿಕ್‌ಗಳದು. 17ನೇ ನಿಮಿಷದಲ್ಲಿ ಒಂದು, ವಿರಾಮಕ್ಕೆ ಸ್ವಲ್ಪ ಮೊದಲು ಇನ್ನೊಂದು ಕಾರ್ನರ್. ಎರಡರಲ್ಲೂ ಚೆನ್ನೈಯಿನ್‌ನ ಎತ್ತರದ ಡಿಫೆಂಡರ್ ಮೈಲ್ಸನ್ ಆಲ್ವೆಸ್ ಎಲ್ಲರಿಗಿಂತ ಮೇಲೆ ಜಿಗಿದು ಚೆಂಡನ್ನು ಬಲೆಗೆ ಸೇರಿಸಿದರು. ದ್ವಿತೀಯಾರ್ಧದಲ್ಲಿ ರಫಾಯೆಲ್ ಅಗಸ್ಟೊ ಮೂರನೇ ಗೋಲು ಹೊಡೆದರು. ಕೊನೆಯ ಗಳಿಗೆಯಲ್ಲಿ ಮಿಕು ಒಂದು ಗೋಲು ಮರಳಿಸಿದರೂ ಹೊತ್ತು ಮೀರಿತ್ತು. ಚೆನ್ನೈಯಿನ್ 3–2ರಿಂದ ಗೆದ್ದು ಚಾಂಪಿಯನ್ ಆಯಿತು. ಅಗ್ರಸ್ಥಾನಕ್ಕೆಂದು ಆಗ ಬೇರೆ ಪ್ರಶಸ್ತಿ ಇರಲಿಲ್ಲ. ನಾಲ್ಕು ತಿಂಗಳ ದುಡಿಮೆಯ ಫಲವನ್ನು ಎರಡು ಕಾರ್ನರ್‌ಗಳು ಕೈತಪ್ಪಿಸಿದವು.

ಚೆನ್ನೈಯಿನ್ ಆ ಸಂಜೆ ಉತ್ತಮವಾಗಿ ಆಡಿ, ನ್ಯಾಯವಾಗಿಯೇ ಗೆದ್ದಿತು. ಆದರೆ ಆ ಸಂಜೆ ಉತ್ತಮವಾಗಿ ಆಡುವುದು ಬೇರೆ, ಆ ವರ್ಷದ ಉತ್ತಮ ತಂಡವಾಗಿರುವುದು ಬೇರೆ.

ಗೋಲು ಕಡಿಮೆ, ಅದೃಷ್ಟ ಹೆಚ್ಚು

ಈ ವ್ಯತ್ಯಾಸಕ್ಕೆ ಮೂಲ ಕಾರಣ ಆಟದ ಸ್ವಭಾವದಲ್ಲೇ ಇದೆ. ಬ್ಯಾಸ್ಕೆಟ್‌ಬಾಲ್‌ನ ಒಂದು ಪಂದ್ಯದಲ್ಲಿ ಬುಟ್ಟಿಗೆ ಚೆಂಡು ಹತ್ತಾರು ಸಲ ಬೀಳುತ್ತದೆ; ಒಂದೆರಡು ಎಸೆತ ತಪ್ಪಿದರೂ ಬಲವಾದ ತಂಡ ಸರಿದೂಗಿಸಿಕೊಳ್ಳುತ್ತದೆ. ಫುಟ್‌ಬಾಲ್‌ನಲ್ಲಿ ತೊಂಬತ್ತು ನಿಮಿಷಕ್ಕೆ ಎರಡೂ ತಂಡಗಳಿಂದ ಸೇರಿ ಎರಡು-ಮೂರು ಗೋಲು ಬಂದರೆ ಹೆಚ್ಚು. ಆದ್ದರಿಂದ ಗೋಲುಕಂಬಕ್ಕೆ ಬಡಿದು ಹಿಂದೆ ಬಂದ ಒಂದು ಚೆಂಡು, ರೆಫರಿಯ ಒಂದು ತೀರ್ಪು, ಗೋಲ್‌ಕೀಪರ್‌ನ ಒಂದು ಎಡವಟ್ಟು ಇಡೀ ಪಂದ್ಯದ ಗತಿಯನ್ನು ಬದಲಿಸಿಬಿಡುತ್ತದೆ. ಒಂದೇ ಪಂದ್ಯದಲ್ಲಿ ದುರ್ಬಲ ತಂಡ ಬಲಿಷ್ಠ ತಂಡವನ್ನು ಸೋಲಿಸುವ ಅವಕಾಶ ಫುಟ್‌ಬಾಲ್‌ನಲ್ಲಿ ಸಾಕಷ್ಟಿದೆ. ಆಟದ ಸೊಗಸೂ ಅದೇ.

ಸರಳ ಲೆಕ್ಕವೊಂದನ್ನು ನೋಡಬಹುದು. ಒಂದು ತಂಡ ಎಷ್ಟು ಬಲವಾಗಿದೆಯೆಂದರೆ ಯಾವುದೇ ನಾಕೌಟ್ ಪಂದ್ಯವನ್ನು ದಾಟುವ ಸಾಧ್ಯತೆ ಅದಕ್ಕೆ ಶೇ 65ರಷ್ಟಿದೆ ಎಂದಿಟ್ಟುಕೊಳ್ಳೋಣ. ಕ್ವಾರ್ಟರ್‌ಫೈನಲ್, ಸೆಮಿಫೈನಲ್, ಫೈನಲ್ ಮೂರನ್ನೂ ದಾಟಬೇಕಾದರೆ 0.65ನ್ನು ಮೂರು ಬಾರಿ ಗುಣಿಸಬೇಕು. ಉತ್ತರ ಸುಮಾರು 0.27. ಅಂದರೆ ಎಲ್ಲರಿಗಿಂತ ಉತ್ತಮ ಎಂದು ಮೊದಲೇ ಗೊತ್ತಿರುವ ತಂಡಕ್ಕೂ ಕಪ್ ಸಿಗುವುದು ನಾಲ್ಕು ವರ್ಷಕ್ಕೊಮ್ಮೆ ಎಂಬಂತೆ.

ಲೀಗ್‌ನಲ್ಲಿ ಪಂದ್ಯಗಳು ಹೆಚ್ಚು. ಒಂದು ವಾರದ ದುರದೃಷ್ಟವನ್ನು ಇನ್ನೊಂದು ವಾರದ ಅದೃಷ್ಟ ತೂಗಿಸುತ್ತದೆ. ಇಂಗ್ಲೆಂಡ್‌ನ ಆರ್ಸೆನಲ್ 2003–04ರಲ್ಲಿ ಪ್ರೀಮಿಯರ್ ಲೀಗ್‌ನ 38 ಪಂದ್ಯಗಳಲ್ಲಿ 26 ಗೆದ್ದು, 12 ಡ್ರಾ ಮಾಡಿಕೊಂಡು, ಒಂದನ್ನೂ ಸೋಲದೆ ಚಾಂಪಿಯನ್ ಆಯಿತು. ಅದೇ ಋತುವಿನಲ್ಲಿ ಅದೇ ತಂಡ ಎಫ್‌ಎ ಕಪ್ ಮತ್ತು ಲೀಗ್ ಕಪ್‌ಗಳ ಸೆಮಿಫೈನಲ್‌ನಲ್ಲಿ, ಚಾಂಪಿಯನ್ಸ್ ಲೀಗ್‌ನ ಕ್ವಾರ್ಟರ್‌ಫೈನಲ್‌ನಲ್ಲಿ ಸೋತು ಹೊರಬಿತ್ತು. ಇಂಗ್ಲೆಂಡ್‌ನ ಚಾಂಪಿಯನ್‌ನನ್ನು ನಾಕೌಟ್‌ನಿಂದ ಆರಿಸುವ ಪದ್ಧತಿ ಇದ್ದಿದ್ದರೆ, ಸೋಲರಿಯದ ಆ ಋತು ಬರಿಗೈಯಲ್ಲಿ ಮುಗಿಯಬಹುದಿತ್ತು.

ಅಮೆರಿಕದ ಅನುಭವ

ಪ್ಲೇಆಫ್‌ನ ಏರುಪೇರು ಎದ್ದು ಕಾಣುವುದು ಅಮೆರಿಕದ ಮೇಜರ್ ಲೀಗ್ ಸಾಕರ್‌ನಲ್ಲಿ. 1996ರಲ್ಲಿ ಆರಂಭವಾದ ಈ ಲೀಗ್ ಫೈನಲ್ ಗೆದ್ದವರಿಗೆ ಎಂಎಲ್‌ಎಸ್ ಕಪ್ ಕೊಡುತ್ತದೆ. ಋತುವಿನುದ್ದಕ್ಕೂ ಹೆಚ್ಚು ಅಂಕ ಗಳಿಸಿದ ತಂಡಕ್ಕೆ ಗೌರವವೇ ಇಲ್ಲವಲ್ಲ ಎಂದು ಅಭಿಮಾನಿಗಳೇ ಮುಂದಾಗಿ ‘ಸಪೋರ್ಟರ್ಸ್ ಶೀಲ್ಡ್’ ಎಂಬ ಪ್ರಶಸ್ತಿಯನ್ನು ಹುಟ್ಟುಹಾಕಿದರು. 1999ರಲ್ಲಿ ಅದನ್ನು ಮೊದಲ ಬಾರಿಗೆ ನೀಡಲಾಯಿತು. 1996ರಿಂದ 2024ರವರೆಗಿನ 29 ಋತುಗಳಲ್ಲಿ ಅಗ್ರಸ್ಥಾನ ಮತ್ತು ಕಪ್ ಎರಡೂ ಒಂದೇ ತಂಡಕ್ಕೆ ಒಲಿದದ್ದು ಎಂಟೇ ಬಾರಿ.

2021ರಲ್ಲಿ ನ್ಯೂ ಇಂಗ್ಲೆಂಡ್ ರೆವಲ್ಯೂಷನ್ 34 ಪಂದ್ಯಗಳಲ್ಲಿ 73 ಅಂಕ ಗಳಿಸಿ ದಾಖಲೆ ಬರೆಯಿತು. ಪ್ಲೇಆಫ್‌ನಲ್ಲಿ ತಾನಾಡಿದ ಮೊದಲ ಪಂದ್ಯದಲ್ಲೇ, ತನಗಿಂತ 22 ಅಂಕ ಹಿಂದಿದ್ದ ನ್ಯೂಯಾರ್ಕ್ ಸಿಟಿ ಎದುರು ಪೆನಾಲ್ಟಿ ಶೂಟೌಟ್‌ನಲ್ಲಿ ಸೋತಿತು. ಕಪ್ ಕೂಡ ನ್ಯೂಯಾರ್ಕ್‌ನ ಪಾಲಾಯಿತು. 2024ರಲ್ಲಿ ಲಯೊನೆಲ್ ಮೆಸ್ಸಿ ಇದ್ದ ಇಂಟರ್ ಮಯಾಮಿ 74 ಅಂಕಗಳೊಂದಿಗೆ ಆ ದಾಖಲೆ ಮುರಿಯಿತು. ಮೂರು ಪಂದ್ಯಗಳ ಮೊದಲ ಸುತ್ತಿನಲ್ಲಿ ಅದನ್ನು ಹೊರಗಟ್ಟಿದ್ದು 40 ಅಂಕ ಗಳಿಸಿದ್ದ ಅಟ್ಲಾಂಟಾ ಯುನೈಟೆಡ್. ಮೂರೂ ಪಂದ್ಯಗಳು ತೀರ್ಮಾನವಾದದ್ದು ಒಂದೇ ಗೋಲಿನ ಅಂತರದಲ್ಲಿ. 2009ರಲ್ಲಿ ಕಪ್ ಎತ್ತಿದ ರಿಯಲ್ ಸಾಲ್ಟ್ ಲೇಕ್ ಲೀಗ್ ಹಂತದಲ್ಲಿ ಗೆದ್ದ ಪಂದ್ಯಗಳು 11, ಸೋತವು 12.

ಬ್ರೆಜಿಲ್ ಇಂಥ ಅನುಭವದ ನಂತರ ದಾರಿಯನ್ನೇ ಬದಲಿಸಿತು. 2002ರಲ್ಲಿ ಲೀಗ್ ಹಂತದ ಎಂಟನೇ, ಅಂದರೆ ಕೊನೆಯ ಅರ್ಹತಾ ಸ್ಥಾನದಲ್ಲಿದ್ದ ಸ್ಯಾಂಟೋಸ್, ಅಗ್ರಸ್ಥಾನದ ಸಾವೊ ಪಾಲೊವನ್ನು ಸೋಲಿಸಿ, ಮುಂದೆ ಚಾಂಪಿಯನ್ ಆಯಿತು. ಮರುವರ್ಷವೇ ಅಲ್ಲಿ ಪ್ಲೇಆಫ್ ಹೋಗಿ, ಪೂರ್ಣ ಲೀಗ್ ಪದ್ಧತಿ ಬಂತು. ಇಂದಿಗೂ ಅದೇ ಇದೆ.

ಲೀಗ್‌ಗೂ ಮಿತಿಗಳಿವೆ

ಹಾಗೆಂದು ಅಂಕಪಟ್ಟಿಯನ್ನು ಕಣ್ಣುಮುಚ್ಚಿ ನಂಬುವಂತಿಲ್ಲ. ಮೊದಲನೆಯದಾಗಿ, ಅದೃಷ್ಟ ಲೀಗ್‌ನಲ್ಲೂ ಪೂರ್ತಿ ಅಳಿಯುವುದಿಲ್ಲ. ಪ್ರತಿ ಪಂದ್ಯದಲ್ಲಿ ಗೆಲುವಿಗೆ ಶೇ 50, ಡ್ರಾಗೆ ಶೇ 25, ಸೋಲಿಗೆ ಶೇ 25ರಷ್ಟು ಸಾಧ್ಯತೆ ಇರುವ ತಂಡ 34 ಪಂದ್ಯಗಳಲ್ಲಿ ಸರಾಸರಿ 59–60 ಅಂಕ ಗಳಿಸಬೇಕು. ಆದರೆ ಬರೀ ಅದೃಷ್ಟದಿಂದಲೇ ಇದು ಏಳೆಂಟು ಅಂಕ ಮೇಲೆ ಕೆಳಗೆ ಆಗುವುದು ತೀರಾ ಸಾಮಾನ್ಯ. ಹೀಗಾಗಿ ಇಪ್ಪತ್ತು ಅಂಕಗಳ ಅಂತರ ಬಲದ ಗುರುತಾದರೆ, ಎರಡು ಅಂಕಗಳ ಅಂತರದಿಂದ ಏನನ್ನೂ ಖಚಿತವಾಗಿ ಹೇಳಲಾಗದು.

2018–19ರ ಐಎಸ್‌ಎಲ್‌ನಲ್ಲಿ ಬೆಂಗಳೂರು ಮತ್ತು ಗೋವಾ ತಲಾ 34 ಅಂಕ ಗಳಿಸಿದವು. ಪರಸ್ಪರ ಪಂದ್ಯಗಳ ಫಲಿತಾಂಶ ನೋಡಿ ಬೆಂಗಳೂರಿಗೆ ಅಗ್ರಸ್ಥಾನ ಕೊಡಲಾಯಿತು. ಮುಂಬೈಯಲ್ಲಿ ನಡೆದ ಫೈನಲ್ ಕೂಡ ಅಷ್ಟೇ ಸಮಬಲದ ಹೋರಾಟವಾಗಿತ್ತು. 117ನೇ ನಿಮಿಷದಲ್ಲಿ, ಹೆಚ್ಚುವರಿ ಸಮಯವೂ ಮುಗಿಯುತ್ತ ಬಂದಾಗ, ಕಾರ್ನರ್‌ನಿಂದ ಬಂದ ಚೆಂಡಿಗೆ ರಾಹುಲ್ ಭೆಕೆ ತಲೆಕೊಟ್ಟು ಬೆಂಗಳೂರಿಗೆ ಕಪ್ ತಂದರು. ಪಟ್ಟಿಯಲ್ಲಿ ಬೇರ್ಪಡಿಸಲಾಗದ ಎರಡು ತಂಡಗಳ ನಡುವೆ ಫೈನಲ್ ಒಂದು ಒಪ್ಪತಕ್ಕ ತೀರ್ಪು.

ಎರಡನೆಯದಾಗಿ, ಎಲ್ಲರೂ ಎಲ್ಲರೊಡನೆ ಸಮವಾಗಿ ಆಡಿದಾಗ ಮಾತ್ರ ಪಟ್ಟಿಗೆ ಬೆಲೆ. 2024ರ ಅಮೆರಿಕನ್ ಲೀಗ್‌ನಲ್ಲಿ 29 ತಂಡಗಳಿದ್ದವು. ಪ್ರತಿ ತಂಡವೂ ಉಳಿದವರೊಡನೆ ಎರಡೆರಡು ಸಲ ಆಡಲು 56 ಪಂದ್ಯಗಳು ಬೇಕಿದ್ದವು; ಆಡಿದ್ದು 34. ಪೂರ್ವದ ತಂಡಗಳು ಹೆಚ್ಚಾಗಿ ಪೂರ್ವದವರೊಡನೆ, ಪಶ್ಚಿಮದವು ಪಶ್ಚಿಮದವರೊಡನೆ ಆಡುತ್ತವೆ. ಒಂದು ಗುಂಪು ದುರ್ಬಲವಾಗಿದ್ದರೆ ಅಲ್ಲಿನ ಅಗ್ರ ತಂಡದ ಅಂಕ ಉಬ್ಬುತ್ತದೆ. ದೂರ ಹೆಚ್ಚಾದಾಗ ಪ್ಲೇಆಫ್ ಅನಿವಾರ್ಯವೂ ಹೌದು. ಪಶ್ಚಿಮ ಜರ್ಮನಿಯಲ್ಲಿ 1963ರಲ್ಲಿ ಬುಂಡೆಸ್‌ಲೀಗಾ ಆರಂಭವಾಗುವವರೆಗೂ ಪ್ರಾದೇಶಿಕ ಲೀಗ್‌ಗಳ ಮುಂಚೂಣಿ ತಂಡಗಳು ಅಂತಿಮ ಸುತ್ತಿನಲ್ಲಿ ಸೆಣಸಿಯೇ ರಾಷ್ಟ್ರದ ಚಾಂಪಿಯನ್ ತೀರ್ಮಾನವಾಗುತ್ತಿತ್ತು. ತಿಂಗಳೊಪ್ಪತ್ತಿನಲ್ಲಿ ಮುಗಿಯಬೇಕಾದ ವಿಶ್ವಕಪ್‌ಗೂ ನಾಕೌಟ್ ಬಿಟ್ಟು ಬೇರೆ ದಾರಿಯಿಲ್ಲ.

ಮೂರನೆಯದಾಗಿ, ಋತುವಿನ ಆರಂಭದ ತಂಡವೂ ಕೊನೆಯ ತಂಡವೂ ಒಂದೇ ಆಗಿರಬೇಕೆಂದಿಲ್ಲ. 2022–23ರಲ್ಲಿ ಮೊದಲರ್ಧ ಎಡವಿದ್ದ ಬೆಂಗಳೂರು, ಲೀಗ್‌ನ ಕೊನೆಯ ಎಂಟು ಪಂದ್ಯಗಳನ್ನು ಸತತವಾಗಿ ಗೆದ್ದು 34 ಅಂಕಗಳೊಂದಿಗೆ ನಾಲ್ಕನೇ ಸ್ಥಾನಕ್ಕೇರಿತು. ಸೆಮಿಫೈನಲ್‌ನಲ್ಲಿ 46 ಅಂಕಗಳ ಅಗ್ರಸ್ಥಾನಿ ಮುಂಬೈ ಸಿಟಿಯನ್ನು ಶೂಟೌಟ್‌ನಲ್ಲಿ 9–8ರಿಂದ ಸೋಲಿಸಿತು. ಐದು ವರ್ಷಗಳ ಹಿಂದೆ ಪ್ಲೇಆಫ್‌ನಿಂದ ಪೆಟ್ಟು ತಿಂದ ತಂಡಕ್ಕೆ ಈ ಬಾರಿ ಅದೇ ಪ್ಲೇಆಫ್ ಏಣಿಯಾಯಿತು. ಫೈನಲ್‌ನಲ್ಲಿ ಮಾತ್ರ ಎಟಿಕೆ ಮೋಹನ್ ಬಾಗನ್ ಎದುರು ಮತ್ತೆ ಶೂಟೌಟ್‌ನಲ್ಲಿ ಸೋತಿತು. ಆಗ ಮಾರ್ಚ್ ತಿಂಗಳ ಬೆಂಗಳೂರು ತಂಡವನ್ನು ಇಡೀ ಋತುವಿನ ಅಂಕಗಳಿಂದ ಅಳೆದರೆ ಅದರ ನಿಜವಾದ ಬಲ ಕಾಣುತ್ತಿರಲಿಲ್ಲ.

ಎರಡನ್ನೂ ಹೊಂದಿಸುವ ದಾರಿ

ಪ್ಲೇಆಫ್ ಇಟ್ಟುಕೊಂಡೇ ಅದೃಷ್ಟದ ಪಾಲನ್ನು ತಗ್ಗಿಸುವ ಉಪಾಯಗಳಿವೆ. ಮುಂಚೂಣಿಯ ತಂಡಗಳನ್ನು ನೇರವಾಗಿ ಸೆಮಿಫೈನಲ್‌ಗೆ ಕಳಿಸಿದರೆ ಅವು ದಾಟಬೇಕಾದ ಸುತ್ತುಗಳು ಕಡಿಮೆಯಾಗುತ್ತವೆ. ಮೇಲಿನ ಲೆಕ್ಕದಲ್ಲೇ ಮೂರು ಸುತ್ತು ಎರಡಾದರೆ ಸಾಧ್ಯತೆ ಶೇ 27ರಿಂದ 42ಕ್ಕೆ ಏರುತ್ತದೆ. ಒಂದು ಪಂದ್ಯದ ಬದಲು ತವರಿನಲ್ಲೊಂದು, ಹೊರಗೊಂದು ಎಂದು ಎರಡು ಪಂದ್ಯ ಆಡಿಸಬಹುದು. ಐಪಿಎಲ್ ಕ್ರಿಕೆಟ್‌ನ ಕ್ವಾಲಿಫೈಯರ್ ಮಾದರಿಯಲ್ಲಿ ಮೊದಲೆರಡು ತಂಡಗಳಿಗೆ ಒಮ್ಮೆ ಸೋತರೂ ಇನ್ನೊಂದು ಅವಕಾಶ ಕೊಡಬಹುದು.

ಇದಕ್ಕಿಂತ ನೇರವಾದ ದಾರಿ ಎರಡು ಸಾಧನೆಗಳನ್ನೂ ಬೇರೆ ಬೇರೆಯಾಗಿ ಗೌರವಿಸುವುದು. ಐಎಸ್‌ಎಲ್ 2019–20ರಿಂದ ಅಗ್ರಸ್ಥಾನದ ತಂಡಕ್ಕೆ ಲೀಗ್ ಶೀಲ್ಡ್ ಕೊಡಲಾರಂಭಿಸಿತು. ಅಲ್ಲಿಂದ 2024–25ರವರೆಗಿನ ಆರು ಋತುಗಳಲ್ಲಿ ಶೀಲ್ಡ್ ಮತ್ತು ಕಪ್ ಎರಡನ್ನೂ ಗೆದ್ದದ್ದು 2020–21ರಲ್ಲಿ ಮುಂಬೈ ಸಿಟಿ, 2024–25ರಲ್ಲಿ ಮೋಹನ್ ಬಾಗನ್ ಮಾತ್ರ. ಉಳಿದ ನಾಲ್ಕು ಸಲ ಶೀಲ್ಡ್ ಒಬ್ಬರಿಗೆ, ಕಪ್ ಇನ್ನೊಬ್ಬರಿಗೆ.

ಎಲ್ಲರೂ ಎಲ್ಲರೊಡನೆ ಸಮವಾಗಿ ಆಡಿದ ಲೀಗ್‌ನಲ್ಲಿ, ಕಣ್ಣಿಗೆ ಕಾಣುವ ಅಂತರದಿಂದ ಮುಂದಿರುವ ತಂಡವೇ ಆ ವರ್ಷದ ಅತ್ಯುತ್ತಮ ತಂಡ. ಅಂತರ ತೀರಾ ಕಿರಿದಾದಾಗ, ಪಂದ್ಯಪಟ್ಟಿ ಅಸಮವಾದಾಗ ಪ್ಲೇಆಫ್‌ನ ಮಾತಿಗೂ ತೂಕ ಬರುತ್ತದೆ. ಉಳಿದಂತೆ ಅದು ಒತ್ತಡದ ದಿನಗಳಲ್ಲಿ ಗೆದ್ದವರು ಯಾರೆಂದು ಹೇಳುತ್ತದೆ; ಅದೂ ದೊಡ್ಡ ಸಾಧನೆಯೇ. 2019–20ರಲ್ಲಿ ಕಪ್ ಗೆದ್ದದ್ದು ಎಟಿಕೆ. ಆದರೆ ಏಷ್ಯಾದ ಬಲಿಷ್ಠ ಕ್ಲಬ್‌ಗಳ ಎದುರು ಭಾರತವನ್ನು ಪ್ರತಿನಿಧಿಸಲು ಎಎಫ್‌ಸಿ ಚಾಂಪಿಯನ್ಸ್ ಲೀಗ್‌ನ ಗುಂಪು ಹಂತಕ್ಕೆ ಹೋದದ್ದು 39 ಅಂಕಗಳೊಂದಿಗೆ ಶೀಲ್ಡ್ ಗೆದ್ದ ಎಫ್‌ಸಿ ಗೋವಾ. ಆ ಹಂತ ಆಡಿದ ಮೊದಲ ಭಾರತೀಯ ಕ್ಲಬ್ ಎಂಬ ಹೆಸರೂ ಅದರದಾಯಿತು.